ಒಂಟಿ ನಳಿಗೆಯ ಕೋವಿಯನ್ನು ಕಳೆದುಕೊಳ್ಳಬೇಡಿ



ಮನೆಯ ಯಜಮಾನಿಕೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಬರುವಾಗ ತೋಟ, ಗದ್ದೆ, ಕಣಗಳ ಜೊತೆಗೆ ಕೋವಿಯ ಪ್ರಶ್ನೆಯೂ ಏಳುತ್ತದೆ. 2019ರಲ್ಲಿ ಶಸ್ತ್ರಾಸ್ತ್ರ ಕಾಯಿದೆಗೆ ತಿದ್ದುಪಡಿಯಾದ ಮೇಲೆ ಒಬ್ಬರು ಮೂರರ ಬದಲು ಎರಡೇ ಕೋವಿ ಇಟ್ಟುಕೊಳ್ಳಬಹುದು. ಹಿರಿಯರಿಂದ ಬಂದದ್ದೂ ಈ ಲೆಕ್ಕಕ್ಕೇ ಸೇರುತ್ತದೆ. ಯಾವುದನ್ನು ಬಿಡುವುದೆಂಬ ಮಾತು ಬಂದಾಗ, ಒಂದೇ ತೋಟಾ ಹಿಡಿಯುವ ಹಳೆಯ ಕೋವಿಯ ಕಡೆಗೇ ಎಲ್ಲರ ಬೆರಳು ಹೋಗುತ್ತದೆ. ಅರುವತ್ತು ದಾಟಿದವರು ಉಳಿಸಿಕೊಳ್ಳತಕ್ಕದ್ದು ಅದನ್ನೇ ಎಂಬುದು ನಮ್ಮ ಅಭಿಪ್ರಾಯ.

ಮೊದಲನೆಯದಾಗಿ, ಅದರಲ್ಲಿ ಬಚ್ಚಿಟ್ಟದ್ದೇನೂ ಇಲ್ಲ. ನಳಿಗೆ ಬಗ್ಗಿಸಿದರೆ ತೋಟಾ ಇದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತದೆ. ಕಣ್ಣು ಸಾಲದಿದ್ದರೆ ಬೆರಳಿಗೆ ತಿಳಿಯುತ್ತದೆ. ವಯಸ್ಸಾದಂತೆ ಮರೆವು ಸಹಜ. ಹೊಟ್ಟೆಯೊಳಗೆ ನಾಲ್ಕೈದು ತೋಟಾ ತುಂಬಿಕೊಳ್ಳುವ ಕೋವಿಯಲ್ಲಿ ಇನ್ನೊಂದು ಉಳಿದಿರುವುದು ಮರೆತರೆ ಗತಿಯೇನು? ಮೇಲಾಗಿ ಇದು ಜೋಡಿ ನಳಿಗೆಗಿಂತ ಹಗುರ. ಏರು ಹತ್ತಿ ತೋಟ ಸುತ್ತುವ ಮಂಡಿಗಳಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು.

ಎರಡನೆಯದು ಇದಕ್ಕಿಂತ ದೊಡ್ಡ ಮಾತು. ಒಂದೇ ಗುಂಡು ಇದೆಯೆಂದು ತಿಳಿದವನು ಎಲೆ ಅಲುಗಿದ ಸದ್ದಿಗೆ ಕುದುರೆ ಎಳೆಯುವುದಿಲ್ಲ. ಗುರಿ ಸ್ಪಷ್ಟವಾಗಿ ಕಾಣುವವರೆಗೆ ಕಾಯುತ್ತಾನೆ. ಹಂದಿಯೆಂದು ತಿಳಿದು ಮನುಷ್ಯರ ಮೇಲೆ ಗುಂಡು ಹಾರಿದ ಪ್ರಕರಣಗಳು ಮಲೆನಾಡಿನಲ್ಲೂ ಕೊಡಗಿನಲ್ಲೂ ಆಗಿವೆ. ಮುಸ್ಸಂಜೆಯಲ್ಲಿ ಕಾಫಿ ಗಿಡಗಳ ನಡುವೆ ಸೌದೆ ಆಯುವವರು ಯಾರು, ಹಂದಿ ಯಾವುದು ಎಂದು ಮುದಿ ಕಣ್ಣಿಗೆ ಥಟ್ಟನೆ ತಿಳಿಯದು. ಆ ಹೊತ್ತಿನಲ್ಲಿ ತಡೆದು ನಿಲ್ಲಿಸುವ ಅಭ್ಯಾಸವೇ ರಕ್ಷೆ.

ಎರಡನೇ ಗುಂಡು ಇಲ್ಲದಿದ್ದರೆ ಗಾಯಗೊಂಡ ಹಂದಿಯ ಮುಂದೆ ಏನು ಮಾಡುವುದೆಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ವಯಸ್ಸಿನಲ್ಲಿ ಒಬ್ಬರೇ ಹಂದಿಯ ಹಿಂದೆ ಹೋಗತಕ್ಕದ್ದೇ ಅಲ್ಲ. ಅಲ್ಲದೆ ಕೋವಿಯ ಲೈಸೆನ್ಸ್ ಬೇಟೆಯ ಲೈಸೆನ್ಸ್ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ, ಬೆಳೆ ಹಾಳುಮಾಡುವ ಹಂದಿಯನ್ನೂ ಅರಣ್ಯ ಇಲಾಖೆಯ ಲಿಖಿತ ಅಪ್ಪಣೆಯಿಲ್ಲದೆ ಹೊಡೆಯುವಂತಿಲ್ಲ.

ಒಂದೇ ಗುಂಡಿನ ಆಯುಧ ಬಡವರ ಪಾಲಿನದೆಂಬ ಭಾವನೆಯೂ ಸರಿಯಲ್ಲ. ಬ್ರಿಟಿಷ್ ಸೈನ್ಯ 1871ರಲ್ಲಿ ಸ್ವೀಕರಿಸಿದ ಮಾರ್ಟಿನಿ-ಹೆನ್ರಿ ರೈಫಲ್ ಒಂದೇ ಗುಂಡಿನದು. 1888ರಲ್ಲಿ ಹಲವು ಗುಂಡುಗಳ ಲೀ-ಮೆಟ್‌ಫರ್ಡ್ ಬಂದು ಅದು ಹಿಂದೆ ಸರಿಯಿತು. ಆದರೂ ಸ್ಕಾಟ್ಲೆಂಡಿನ ಜಾನ್ ಫಾರ್ಕರ್‌ಸನ್ 1872ರಲ್ಲಿ ಪೇಟೆಂಟ್ ಪಡೆದ ಒಂಟಿ ಗುಂಡಿನ ರೈಫಲನ್ನು ಸಂಗ್ರಾಹಕರು ಇಂದಿಗೂ ಹುಡುಕುತ್ತಾರೆ. ಅಮೆರಿಕದ ರೂಗರ್ ಕಂಪನಿ 1960ರ ದಶಕದಲ್ಲಿ ಅದರಿಂದಲೇ ಸ್ಫೂರ್ತಿ ಪಡೆದು ಹೊಸ ಒಂಟಿ ಗುಂಡಿನ ರೈಫಲನ್ನು ಮಾರುಕಟ್ಟೆಗೆ ತಂದಿತು. ಬೇರೆ ಸಿಗದೆ ಕೊಂಡವರಲ್ಲ ಇವರು, ಬೇಕೆಂದೇ ಕೊಂಡವರು.

ಇಟ್ಟುಕೊಳ್ಳುವುದಾದರೆ ಕೆಲವು ಎಚ್ಚರಿಕೆ ಅಗತ್ಯ. ಹಗುರ ಕೋವಿಯ ಒದೆತ ಹೆಚ್ಚು. ಭುಜ ನೋಯುವವರು ಕಡಿಮೆ ಮದ್ದಿನ ತೋಟಾ ಬಳಸಲಿ. ಹೊರಗೆ ಕುದುರೆಯಿರುವ ಕೋವಿಯಲ್ಲಿ ಸಂಧಿವಾತದ ಹೆಬ್ಬೆರಳು ಜಾರುವ ಭಯವಿದೆ. ಗುರಿ ಹಿಡಿಯುವವರೆಗೆ ಕುದುರೆ ಎತ್ತಬಾರದು. ಹಳೆಯ ಕೇಪಿನ ಕೋವಿಗೆ ಕರಿಮದ್ದಲ್ಲದೆ ಬೇರೇನೂ ಸಲ್ಲದು. ಕಬ್ಬಿಣದ ಪಟ್ಟಿ ಸುತ್ತಿ ಬೆಸೆದ ಹಳೆಯ ನಳಿಗೆಗೆ ಇಂದಿನ ತೋಟಾ ಹಾಕಿದರೆ ಒಡೆದೀತು. ಬಲ್ಲವರಿಗೆ ತೋರಿಸದೆ ಹಾರಿಸಬಾರದು. ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಇಟ್ಟರೆ ತೇವ ಹಿಡಿದು ತುಕ್ಕು ಖಂಡಿತ. ಒರೆಸಿ, ತೆಳುವಾಗಿ ಎಣ್ಣೆ ಹಚ್ಚಿ, ಗಾಳಿಯಾಡುವ ಕಡೆ ಬೀಗ ಹಾಕಿಡಬೇಕು; ತೋಟಾ ಬೇರೆ ಕಡೆ ಇರಬೇಕು.

ಕಾಗದಪತ್ರದ ವಿಷಯದಲ್ಲಿ ಉದಾಸೀನ ಸಲ್ಲದು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ 2029ರ ವರೆಗೆ ವಿಸ್ತರಣೆಯಾಗಿದೆ. ಉಳಿದವರಿಗೆ ಲೈಸೆನ್ಸ್ ಬೇಕೇ ಬೇಕು. ತಿದ್ದುಪಡಿಯ ನಂತರ ಅದರ ಅವಧಿ 5 ವರ್ಷ. ಯಜಮಾನರು ತೀರಿಕೊಂಡ ಮೇಲೆ ಕೋವಿಯನ್ನು ಸುಮ್ಮನೆ ಅಟ್ಟದಲ್ಲಿ ಇಡುವುದು ಅಪರಾಧವಾಗುತ್ತದೆ. ಅದನ್ನು ಠಾಣೆಯಲ್ಲೋ ಲೈಸೆನ್ಸ್ ಇರುವ ವ್ಯಾಪಾರಿಯಲ್ಲೋ ಠೇವಣಿಯಿಟ್ಟು, ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕತಕ್ಕದ್ದು. ಹಾರಿಸಲೂ ಬಾರದ, ರಿಪೇರಿಗೂ ಒಗ್ಗದ ಪುರಾತನ ಆಯುಧಕ್ಕೆ ಕಾಯಿದೆಯ 45ನೇ ಕಲಮಿನಲ್ಲಿ ವಿನಾಯಿತಿ ಉಂಟು. ಆದರೆ ಅದನ್ನು ನಾವೇ ತೀರ್ಮಾನಿಸದೆ ಅಧಿಕಾರಿಗಳಿಂದ ತಿಳಿದುಕೊಳ್ಳುವುದು ಕ್ಷೇಮ.

ಆದ್ದರಿಂದ ಸದಸ್ಯರಲ್ಲಿ ನಮ್ಮ ವಿನಂತಿಯಿಷ್ಟೆ: ಹಿರಿಯರು ಬದುಕಿರುವಾಗಲೇ ಮಕ್ಕಳನ್ನು ಕೂರಿಸಿಕೊಂಡು ಯಾವ ಕೋವಿ ಯಾರಿಗೆ ಎಂಬುದನ್ನು ನಿಶ್ಚಯಿಸಿರಿ. ಆಗ ಒಂಟಿ ನಳಿಗೆಯನ್ನು ಮೊದಲು ಪಟ್ಟಿಯಿಂದ ತೆಗೆಯದೆ, ಮೊದಲು ಪಟ್ಟಿಗೆ ಸೇರಿಸಿರಿ.