ಹವಳಕ್ಕೆ ಹಿಡಿದ ಕುಜ

ಕಳೆದ ಶ್ರಾವಣದಲ್ಲಿ ನನ್ನ ಅಕ್ಕ ಹಿರೇಕೆರೂರಿನಿಂದ ಹಾನಗಲ್ಲಿನ ನಮ್ಮ ಮನೆಗೆ ಬಂದಿದ್ದಳು. ಚಹಾ ಕುಡಿಯುವ ಮೊದಲೇ ಪರ್ಸಿನಿಂದ ಒಂದು ಉಂಗುರ ತೆಗೆದು ನನ್ನ ಮುಂದಿಟ್ಟಳು. ಆರು ತಿಂಗಳ ಹಿಂದೆ ತೊಂಡೆಹಣ್ಣಿನಂತೆ ಕೆಂಪಗಿದ್ದ ಹವಳ ಈಗ ಬಿಳಿಚಿಕೊಂಡು, ಮೈಯೆಲ್ಲ ಒರಟಾಗಿತ್ತು.

"ದೋಷ ಎಲ್ಲಾ ಇದು ಹೀರಿಕೊಂಡೈತಂತ. ಇದರ ಕೆಲಸ ಮುಗೀತು, ಹೊಸಾದು ಹಾಕ್ರಿ ಅಂದಾರ" ಎಂದಳು.

ದೋಷ ಅವಳ ಮಗಳದು. ಹುಡುಗಿ ಶಿಗ್ಗಾಂವಿಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ಅಕ್ಕೋರು. ಜಾತಕದಲ್ಲಿ ಕುಜದೋಷವಿದೆ ಎಂದು ಎರಡು ಸಂಬಂಧ ತಪ್ಪಿದ್ದವು. ಅವಳ ಎರಡು ತಿಂಗಳ ಪಗಾರ ಆ ಉಂಗುರಕ್ಕೆ ಹೋಗಿತ್ತು. ಅದನ್ನು ತೊಟ್ಟುಕೊಂಡೇ ಅವಳು ಪಾತ್ರೆ ತಿಕ್ಕಿದಳು, ಬಟ್ಟೆ ಒಗೆದಳು, ಚಿತ್ರಾನ್ನಕ್ಕೆ ನಿಂಬೆಹಣ್ಣು ಹಿಂಡಿದಳು.

ನಾನು ಉಗುರುಬಣ್ಣ ತೆಗೆಯುವ ದ್ರವದಲ್ಲಿ ಹತ್ತಿ ಅದ್ದಿ, ಹವಳದ ಅಂಚಿನಲ್ಲಿ ಉಳಿದಿದ್ದ ಕೆಂಪನ್ನು ಉಜ್ಜಿದೆ. ಹತ್ತಿ ಕೆಂಪಾಯಿತು. ಅಕ್ಕ ಮಾತಾಡಲಿಲ್ಲ. ಅಗ್ಗದ ಹವಳಕ್ಕೆ ಬಣ್ಣ ಹಾಕಿ ಮಾರಿದ್ದರು. ನಿಜವಾದ ಹವಳವೇ ಆಗಿದ್ದರೂ ಅದರ ಹೊಳಪು ಹೀಗೆಯೇ ಮಾಸುತ್ತಿತ್ತು. ಏಕೆಂದರೆ ಹವಳ ಭೂಮಿಯಲ್ಲಿ ಅಗೆದ ಕಲ್ಲಲ್ಲ. ಕಡಲಿನ ತೀರ ಸಣ್ಣ ಜೀವಿಗಳು ಗುಂಪಾಗಿ ಕಟ್ಟಿಕೊಂಡ ಎಲುಬಿನಂಥ ಗೂಡು. ನಮ್ಮ ಸವಣೂರಿನ ಎಲೆಗೆ ಹಚ್ಚುವ ಸುಣ್ಣ ಯಾವ ಸುಣ್ಣಕಲ್ಲನ್ನು ಸುಟ್ಟು ಆಗುತ್ತದೋ ಅದರ ದ್ರವ್ಯವೇ ಇದರದ್ದೂ, ಕ್ಯಾಲ್ಸಿಯಂ ಕಾರ್ಬೊನೇಟು. ಹುಳಿ ತಾಗಿದರೆ ಕರಗುತ್ತದೆ, ಬೆವರಿಗೂ ಮಾಸುತ್ತದೆ. ಹುಡುಗಿಯ ಉಂಗುರ ಹೀರಿದ್ದು ನಿಂಬೆರಸವನ್ನೇ ಹೊರತು ಕುಜನನ್ನಲ್ಲ.

ಇಷ್ಟನ್ನು ಶಾಲೆಗೆ ಹೋಗದ ನಮ್ಮ ಸವಣೂರಿನ ಆಯಿ ಬಲ್ಲವಳಾಗಿದ್ದಳು. ಹುಣಸೆಹಣ್ಣು ಹಾಕಿ ಹಿತ್ತಾಳೆ ಭಾಂಡೆ ತಿಕ್ಕುವ ಮೊದಲು ಕೊರಳಿನ ಹವಳದ ಸರ ತೆಗೆದು ಗೂಟಕ್ಕೆ ಹಾಕುತ್ತಿದ್ದಳು. "ಹುಳಿ ಬಿದ್ದರ ಹವಳ ಸಾಯತೈತಿ" ಎನ್ನುತ್ತಿದ್ದಳು. 1972ರ ಬರಗಾಲದಲ್ಲಿ ಯಾರನ್ನೂ ಕೇಳದೆ ಆ ಸರ ಮಾರಿ ಮನೆಗೆ ಜೋಳ ತಂದಳು. ಆಯಿಗೆ ಹವಳ ಅವಳ ಸೊತ್ತು. ಅವಳ ಮರಿಮಗಳಿಗೆ ಅದು ದಂಡ.

ಯಾವ ತಪ್ಪಿಗೆ ಈ ದಂಡ? ಲಗ್ನದಿಂದ ಎಣಿಸಿ 2, 4, 7, 8, 12ನೆಯ ಮನೆಗಳಲ್ಲಿ ಕುಜನಿದ್ದರೆ ದೋಷ ಎಂಬುದು ನಮ್ಮ ಕಡೆಯ ಲೆಕ್ಕ. ಇರುವ ಮನೆಗಳೇ 12, ಅದರಲ್ಲಿ 5 ದೋಷದವು. ಚಂದ್ರನಿಂದ, ಶುಕ್ರನಿಂದಲೂ ಎಣಿಸುವವರಿದ್ದಾರೆ. ಹಾಗೆ ಎಣಿಸಿದರೆ ನಿಮ್ಮ ಓಣಿಯ ಅರ್ಧಕ್ಕಿಂತ ಹೆಚ್ಚು ಮಂದಿ ದೋಷದವರೇ. ಇಷ್ಟು ಮಂದಿಗೆ ಇರುವುದನ್ನು ರೋಗವೆಂದು ಹೆಸರಿಟ್ಟು ಔಷಧ ಮಾರುವುದು ಬಹಳ ಸುಲಭದ ವ್ಯಾಪಾರ. ಶಾಸ್ತ್ರದಲ್ಲಿ ಗಂಡಿಗೂ ಕುಜದೋಷ ಉಂಟು. ಆದರೆ ಗಂಡನ ಆಯುಷ್ಯ ತಿನ್ನುವವಳು ಎಂಬ ಹೆಸರು ಹುಡುಗಿಗೆ ಮಾತ್ರ.

ಮಂಗಳ ಕೆಂಪು, ಹವಳ ಕೆಂಪು, ಅದಕ್ಕೇ ಇವೆರಡಕ್ಕೂ ನಂಟು ಎನ್ನುತ್ತಾರೆ. ಮಂಗಳನ ಕೆಂಪು ಕಬ್ಬಿಣದ ತುಕ್ಕಿನದು. 2014ರಲ್ಲಿ ನಮ್ಮ ಮಂಗಳಯಾನ ಅದರ ಸುತ್ತ ತಿರುಗಿತು, ಆ ಕೆಲಸದಲ್ಲಿ ಹೆಣ್ಣುಮಕ್ಕಳ ಕೈಯೂ ಇತ್ತು. ಹವಳದ ಕೆಂಪು ಒಂದು ಜೀವಿಯ ಮೈಯೊಳಗೆ ಹುಟ್ಟಿದ್ದು. ಇದಿದ್ದಷ್ಟೇ ನಂಟು ಮೆಣಸಿನಕಾಯಿಗೂ ಇದೆ.

ಒಡವೆಯ ಕೆಂಪು ಹವಳ ನಮ್ಮ ಮುರ್ಡೇಶ್ವರದೆದುರಿನ ನೇತ್ರಾಣಿಯದಲ್ಲ. ಅಲ್ಲಿಯ ಹವಳ ಬೇರೆ ಜಾತಿಯದು, 2001ರಿಂದ ಕಾನೂನು ಅದನ್ನು ಕಾಯುತ್ತಿದೆ. ಹೆಸರಾದ ಕೆಂಪು ಹವಳ ಬಂದದ್ದು ಮೆಡಿಟರೇನಿಯನ್ ಸಮುದ್ರದಿಂದ. 17, 18ನೆಯ ಶತಮಾನಗಳಲ್ಲಿ ಇಟಲಿಯ ಲಿವೋರ್ನೊದ ವರ್ತಕರು ಹವಳ ಕಳಿಸಿ ಗೋವೆಯಿಂದ ವಜ್ರ ತರಿಸುತ್ತಿದ್ದರು. ಅದಕ್ಕೂ ಹಿಂದೆ, ಒಂದನೆಯ ಶತಮಾನದಲ್ಲಿ, ರೋಮಿನ ಪ್ಲಿನಿ ಒಂದು ಮಾತು ಬರೆದಿಟ್ಟಿದ್ದಾನೆ: ರೋಮಿನ ಹೆಂಗಸರಿಗೆ ಭಾರತದ ಮುತ್ತು ಎಷ್ಟು ಪ್ರಿಯವೋ ಭಾರತದ ಗಂಡಸರಿಗೆ ಹವಳ ಅಷ್ಟು ಪ್ರಿಯ ಎಂದು. ಆಗ ಹವಳದ ಮೋಹ ಗಂಡಸರದು. ಈಗ ಅದರ ಭಯ ಹೆಣ್ಣುಮಕ್ಕಳದು.

ಆ ಜೀವಿಯ ಗತಿಯನ್ನೂ ನೋಡಿ. ಅದರ ಕೊಂಬೆ ವರ್ಷಕ್ಕೆ ಅರ್ಧ ಮಿಲಿಮೀಟರಿನಷ್ಟೂ ದಪ್ಪವಾಗದು. ಉಂಗುರದ ಒಂದು ಹರಳಿಗೆ ಹತ್ತಾರು ವರ್ಷ ಬೇಕು. ಮರದ ಅಡ್ಡತೊಲೆಗೆ ಬಲೆ ಕಟ್ಟಿ ಕಡಲತಳವನ್ನೇ ಬಾಚುವ ಪದ್ಧತಿಯನ್ನು ಯೂರೋಪಿನವರು 1994ರಲ್ಲಿ ನಿಷೇಧಿಸಿದರು. 1999ರಲ್ಲಿ, 2003ರಲ್ಲಿ ಆ ಸಮುದ್ರ ಬಿಸಿಯಾಗಿ ಹವಳ ರಾಶಿರಾಶಿ ಸತ್ತಿತು. ತನ್ನನ್ನೇ ಕಾಯ್ದುಕೊಳ್ಳಲಾರದ ಬಡಜೀವಿ ನಮ್ಮ ಹುಡುಗಿಯರ ಮಾಂಗಲ್ಯ ಕಾಯುವುದೆಂತು?

"ಹಾಕಿದರ ಕಳಕೊಳ್ಳೋದು ಏನೈತಿ?" ಎಂದು ಅಕ್ಕ ಕೇಳಿದಳು. ನೀವೂ ಕೇಳುತ್ತೀರಿ. ಕಳೆದುಕೊಳ್ಳುವುದು ಬಹಳ ಇದೆ, ತಾಯಂದಿರೇ. ರೊಕ್ಕ ಹೋದರೆ ಮತ್ತೆ ಬಂದೀತು. ಉಂಗುರ ತೊಡಿಸಿದ ದಿನವೇ ನಾವು ಮಗಳಿಗೆ, "ನಿನ್ನಲ್ಲಿ ಐಬಿದೆ, ನಾವೂ ಒಪ್ಪಿದೆವು" ಎಂದು ಹೇಳಿದಂತಾಯಿತಲ್ಲ? ನಾಳೆ ಅತ್ತೆಮನೆಯಲ್ಲಿ ಒಂದು ಎಮ್ಮೆ ಸತ್ತರೂ ಅವರು ಆ ಬೆರಳನ್ನೇ ನೋಡುತ್ತಾರೆ. ಸಾಕ್ಷಿಯನ್ನು ಕಟ್ಟಿಸಿ ಕೊಟ್ಟವರು ನಾವೇ.

ಆಯಿಯ ಪೆಟ್ಟಿಗೆಯಲ್ಲಿ ಹಳೆಯ ಹವಳವಿದ್ದರೆ ಮಗಳಿಗೆ ಕೊಡಿ. ಚೆಂದಕ್ಕೆ ಹಾಕಿಕೊಳ್ಳಲಿ, ಕಷ್ಟಕ್ಕೆ ಮಾರಿಕೊಳ್ಳಲಿ. ಕುಜನ ಹೆಸರಿನಲ್ಲಿ ಮಾತ್ರ ಕೊಡಬೇಡಿ. ಅದನ್ನು ಕೇಳುವ ಗಂಡಿನ ಮನೆಗೆ ಚಹಾ ಕೊಟ್ಟು ಕಳಿಸಿಬಿಡಿ.

ನಮ್ಮ ಹುಡುಗಿ ಹೊಸ ಉಂಗುರ ಕೊಳ್ಳಲಿಲ್ಲ. ಹಳೆಯದರ ಹರಳು ಕೀಳಿಸಿ ಶಾಲೆಗೆ ಒಯ್ದು, ಏಳನೆಯ ತರಗತಿಯ ಮಕ್ಕಳೆದುರು ನಿಂಬೆರಸದಲ್ಲಿ ಹಾಕಿದಳು. ಗುಳ್ಳೆ ಎದ್ದವಂತೆ. "ಚಿಗವ್ವಾ, ಹಿಂದಿನ ಬೆಂಚಿನ ಹುಡುಗಿಯರು ಎದ್ದುಬಂದು ನೋಡಿದರು" ಎಂದು ಫೋನಿನಲ್ಲಿ ಹೇಳುವಾಗ ಅವಳ ದನಿ ಹಗುರಾಗಿತ್ತು. ಎರಡು ತಿಂಗಳ ಪಗಾರಕ್ಕೆ ಅಷ್ಟಾದರೂ ದಕ್ಕಿತು.