ದುಡಿಯುವ ದಂಪತಿಗಳಿಗೆ ಹೋಟೆಲಿನಲ್ಲಿ ಜಾಗವೆಲ್ಲಿ?

ಪಕ್ಷದ ಕೆಲಸವೆಂದರೆ ಊರೂರು ತಿರುಗುವ ಕೆಲಸ. ತಿರುಗುವವನಿಗೆ ಹೋಟೆಲೇ ಅಡಿಗೆಮನೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಲ್ಲಿ ಯಾವ ಅಂಗಡಿಯ ಚಹಾ ಎಷ್ಟು ಗಟ್ಟಿ, ಯಾವ ಖಾನಾವಳಿಯಲ್ಲಿ ಎರಡನೆಯ ಸಲ ಪಲ್ಯ ಕೇಳಿದರೆ ಹುಬ್ಬು ಗಂಟಿಕ್ಕುತ್ತಾರೆ ಎಂಬುದೆಲ್ಲ ನನಗೆ ಬಾಯಿಪಾಠ. ಆದರೆ ಇಷ್ಟು ವರ್ಷಗಳಲ್ಲಿ ನನ್ನ ಎದುರಿನ ಕುರ್ಚಿಯಲ್ಲಿ ನನ್ನ ಹೆಂಡತಿ ಕುಳಿತದ್ದು ಎಷ್ಟು ಸಲ? ಹೋದ ತಿಂಗಳು ಆಕೆಯೇ ಈ ಲೆಕ್ಕ ಕೇಳಿದಳು. "ಹೆಣ್ಣುಮಕ್ಕಳಿಗೆ ಸಮಾನ ಹಕ್ಕು ಅಂತ ಊರೂರಾಗ ಭಾಷಣ ಮಾಡ್ತೀರಿ. ಮಿರ್ಚಿ ಬಜಿ ಮಾತ್ರ ಒಬ್ಬರ ತಿಂದ ಬರ್ತೀರಿ" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ಕಾರ್ಯಕರ್ತರಲ್ಲಿ ಯಾರಲ್ಲಿಯಾದರೂ ಇದ್ದರೆ ದಯವಿಟ್ಟು ತಿಳಿಸಬೇಕು.

ಹೀಗಾಗಿ ಈ ತಿಂಗಳು ಮೂರು ಊರುಗಳಲ್ಲಿ ಮೂರು ಸಲ ನಾವಿಬ್ಬರೂ ಕೂಡಿಯೇ ಹೋದೆವು. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೀಟಿಗೆ ದುಡ್ಡಿಲ್ಲವಷ್ಟೆ. ನಮ್ಮ ಪ್ರಯಾಣದ ಖರ್ಚು ಅರ್ಧಕ್ಕೆ ಇಳಿಯಿತು. ಉಳಿದದ್ದನ್ನು ಹೊಟ್ಟೆಗೆ ಹಾಕೋಣವೆಂದು ಆಕೆಯೇ ತೀರ್ಮಾನಿಸಿದಳು. ಬಸ್ಸು ಹೆಣ್ಣುಮಗಳನ್ನು ಪೇಟೆಯವರೆಗೆ ತಂದು ಬಿಟ್ಟಿತು. ಪೇಟೆಯಲ್ಲಿ ಇಳಿದ ಮೇಲೆ ಆಕೆ ಎಲ್ಲಿ ಕುಳಿತು ಉಣ್ಣಬೇಕು ಎಂಬುದನ್ನು ಯಾವ ಯೋಜನೆಯೂ ಹೇಳಿಲ್ಲ.

ಮೊದಲನೆಯದು ಹಾವೇರಿ. ಹೋಟೆಲಿನ ಹೆಸರು ಬೇಡ. ಅಂಥವು ಊರಿಗೆ ಹತ್ತಿವೆ. ಮುಂದಿನ ಹಾಲಿನಲ್ಲಿ, ಗಾಳಿ ಬರುವ ಕಡೆ ಎರಡು ಕುರ್ಚಿ ಹಿಡಿದು ಕುಳಿತೆವು. ಮಾಣಿ ಓಡಿ ಬಂದ. "ಸರ, ಫ್ಯಾಮಿಲಿ ಒಳಗ ಕೂಡ್ರಿ." ಇಲ್ಲೇ ಚೆನ್ನಾಗಿದೆ ಎಂದೆ. ಆತ ಗಲ್ಲಾದ ಕಡೆ ನೋಡಿದ; ಗಲ್ಲಾದಿಂದ ಕೈಸನ್ನೆ ಬಂತು; "ಮಾಲಕರು ಬೈತಾರ್ರಿ" ಎಂದ. ಬಡಪಾಯಿಗೆ ಬೈಗುಳ ತಿನ್ನಿಸಿ ನಮಗೇನು ಸಿಗಬೇಕು? ಒಳಗೆ ಎದ್ದು ಹೋದೆವು. ಒಳಗೆಂದರೆ ಪ್ಲೈವುಡ್ಡಿನ ಗೂಡುಗಳು, ಮಾಸಿದ ಪರದೆ, ಕಿಟಕಿಯಿಲ್ಲ, ತಲೆಯ ಮೇಲೆ ಗಡಗಡಿಸುವ ಪಂಖ. ದರದ ಹಾಳೆ ನೋಡಿದರೆ ಹೊರಗೆ ತಿನ್ನುವ ಅದೇ ಇಡ್ಲಿಗೆ, ಅದೇ ವಡೆಗೆ, ಪರದೆಯ ಹಿಂದೆ ಹತ್ತು ರೂಪಾಯಿ ಹೆಚ್ಚು! "ಪರದೇಕ ಬಾಡಿಗಿ ಏನು ಇದು?" ಎಂದು ನಮ್ಮಾಕೆ ಕೇಳಿದಳು. ಹೆಂಡತಿಯನ್ನು ಕರೆದುಕೊಂಡು ಬಂದ ತಪ್ಪಿಗೆ ದಂಡ ಎಂದು ನಾನು ನಗೆಯಾಡಿದೆ. ಆಕೆ ನಗಲಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಈ ಫ್ಯಾಮಿಲಿ ರೂಮು ಎಂಬುದು ಹುಟ್ಟಿದಾಗ ಕೆಟ್ಟ ಉದ್ದೇಶದ್ದಲ್ಲ. ಖಾನಾವಳಿಯಾಗಲಿ, ಉಡುಪಿಯವರ ಹೋಟೆಲಾಗಲಿ ಮೊದಲಿಗೆ ಬೆಳೆದದ್ದು ಮನೆ ಬಿಟ್ಟು ಬಂದ ಗಂಡಸರಿಗಾಗಿ. ಗಿರಣಿಯ ಕೂಲಿ, ಕಚೇರಿಯ ಕಾರಕೂನ, ಸಂತೆಗೆ ಬಂದ ರೈತ ಇವರೇ ಗಿರಾಕಿಗಳು. ಮಾನವಂತ ಮನೆಯ ಹೆಂಗಸು ಹೋಟೆಲಿನ ಮೆಟ್ಟಿಲು ಹತ್ತುವುದೇ ಅಪವಾದವೆನ್ನುತ್ತಿದ್ದ ಕಾಲದಲ್ಲಿ ಪರದೆಯ ಕೋಣೆಯೊಂದನ್ನು ಕಟ್ಟಿ "ಬನ್ನಿ" ಎಂದದ್ದು ಒಂದು ಹೆಜ್ಜೆ ಮುಂದೆಯೇ ಸರಿ. ಆದರೆ ಮುಂದಿಟ್ಟ ಹೆಜ್ಜೆಯಲ್ಲೇ ನಿಂತುಬಿಟ್ಟರೆ ಹೇಗೆ? ಇಂದು ಹೆಣ್ಣುಮಗಳು ಬಸ್ಸಿಗೆ ಟಿಕೀಟು ಕೊಡುತ್ತಾಳೆ, ಬ್ಯಾಂಕಿನಲ್ಲಿ ಹಣ ಎಣಿಸುತ್ತಾಳೆ, ಗ್ರಾಮ ಪಂಚಾಯಿತಿಯ ಅಧ್ಯಕ್ಷಳಾಗಿ ಸಭೆ ನಡೆಸುತ್ತಾಳೆ. ಅಂಥವಳು ನಾಲ್ಕು ಜನರ ಎದುರು ಎರಡು ಇಡ್ಲಿ ತಿಂದರೆ ಯಾರ ಧರ್ಮ ಕೆಡುತ್ತದೆ? ಕೋಣೆ ಬೇಕೆನ್ನುವವರಿಗೆ ಇರಲಿ, ಕೂಸಿಗೆ ಹಾಲೂಡುವ ತಾಯಿಗೆ ಇರಲಿ. ಬೇಡವೆನ್ನುವವರನ್ನು ಹಾಲಿನಿಂದ ಎಬ್ಬಿಸಬಾರದು, ಕೋಣೆಯ ಹೆಸರಿನಲ್ಲಿ ಹೆಚ್ಚು ಹಣ ಕೀಳಬಾರದು. ನಮ್ಮ ಬೇಡಿಕೆ ಇಷ್ಟೇ.

ಅದೇ ಹೋಟೆಲಿನಲ್ಲಿ ಮೇಜು ಒರೆಸಲು ಬಂದ ಹುಡುಗನಿಗೆ ಹನ್ನೆರಡರ ಮೇಲಿರಲಾರದು. ನನ್ನ ಹಳೆಯ ಮಾಸ್ತರಿಕೆಯ ಚಟ. ಹದಿಮೂರರ ಮಗ್ಗಿ ಹೇಳು ನೋಡೋಣ ಎಂದೆ. ಬರಲಿಲ್ಲ. ಆದರೆ ಆ ಗೂಡು, ಈ ಗೂಡು, ಹೊರಗಿನ ಎರಡು ಮೇಜು, ಎಲ್ಲದರ ಬಿಲ್ಲನ್ನು ಒಂದು ಪೈ ತಪ್ಪದೆ ಬಾಯಲ್ಲೇ ಕೂಡಿಸಿ ಗಲ್ಲಾಕ್ಕೆ ಕೂಗಿದ! ಹೋಟೆಲು, ಧಾಬಾಗಳಲ್ಲಿ ಹದಿನಾಲ್ಕು ತುಂಬದ ಮಕ್ಕಳನ್ನು ದುಡಿಸಬಾರದೆಂದು 2006ರ ಅಕ್ಟೋಬರ್ 10ರಿಂದ ನಿಷೇಧವಿದೆ. 2016ರ ತಿದ್ದುಪಡಿಯಲ್ಲಿ ಆ ನಿಷೇಧವನ್ನು ಎಲ್ಲ ಕೆಲಸಗಳಿಗೂ ಹಬ್ಬಿಸಿದರು; ಆದರೆ ಮನೆಯವರ ಉದ್ಯೋಗದಲ್ಲಿ ಶಾಲೆ ಬಿಟ್ಟ ಮೇಲೆ ನೆರವಾಗಬಹುದು ಎಂಬ ಕಿಂಡಿಯೊಂದನ್ನು ತೆರೆದಿಟ್ಟರು. ಅಂದಿನಿಂದ ಇಂಥ ಹುಡುಗರೆಲ್ಲ ಮಾಲಕರ ಅಕ್ಕನ ಮಕ್ಕಳೇ ಆಗಿದ್ದಾರೆ. ಈತನೂ ಹಾಗೆಯೇ ಹೇಳಿದ. ಅಂದು ಶಾಲೆಯಿರುವ ದಿನ, ಹೊತ್ತು ಬೆಳಗಿನ ಹನ್ನೊಂದು.

ರಾಣೆಬೆನ್ನೂರಿನಲ್ಲಿ ಮಾತ್ರ ಮನಸ್ಸು ತುಂಬಿ ಉಂಡೆವು. ಅತ್ತೆ-ಸೊಸೆ ಇಬ್ಬರೇ ನಡೆಸುವ ಖಾನಾವಳಿ, ಒಂದೇ ಕೋಣೆ, ಐದು ಮೇಜು. ಒಲೆಯ ಮೇಲಿಂದ ನೇರವಾಗಿ ತಾಟಿಗೆ ಬೀಳುವ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ಕೊನೆಗೆ ಅನ್ನ-ಸಾರು. ದರವನ್ನು ಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆದಿದ್ದರು. ಪಕ್ಕದ ಮೇಜಿನಲ್ಲಿ ಹತ್ತಿ ಗಿರಣಿಯ ಕೆಲಸಗಾರನೊಬ್ಬ ಹೆಂಡತಿ ಮಕ್ಕಳೊಡನೆ ಕುಳಿತಿದ್ದ. ತಲೆಗೂದಲಿನಲ್ಲಿ ಇನ್ನೂ ಹತ್ತಿಯ ಎಳೆಗಳಿದ್ದುವು. ಯಾರೂ ಯಾರನ್ನೂ ಒಳಗೆ ಹೋಗೆನ್ನಲಿಲ್ಲ. ಅಡಿಗೆಯವಳು ಹೆಂಗಸು, ಬಡಿಸುವವಳು ಹೆಂಗಸು, ಗಲ್ಲಾದಲ್ಲಿ ಹೆಂಗಸು. ಇನ್ನು ಉಣ್ಣುವ ಹೆಂಗಸಿಗೇಕೆ ಪರದೆ?

ನಮ್ಮಾಕೆ ಮೂರನೆಯ ರೊಟ್ಟಿಗೆ ಕೈಯೊಡ್ಡಿದಾಗ ಆ ಅತ್ತೆ, "ಉಣ್ಣವಾ, ಇನ್ನೊಬ್ಬರು ಬಡದ ರೊಟ್ಟಿ ಉಣ್ಣೂದು ನಮಗೆಲ್ಲೆ ಸಿಗತೈತಿ" ಎಂದರು. ಮನೆಗೆ ಬಂದ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ. ನಾವು ಗಂಡಸರು ಹೋಟೆಲೂಟವನ್ನು ದುಂದುಗಾರಿಕೆ ಎನ್ನುತ್ತೇವೆ, ಮನೆಯೂಟದ ಗುಣಗಾನ ಮಾಡುತ್ತೇವೆ. ದಿನಕ್ಕೆ ಎರಡು ಹೊತ್ತು ಒಲೆಯ ಮುಂದೆ ಕೂರುವವಳಿಗೆ ಹೋಟೆಲೂಟವೆಂದರೆ ಒಂದು ಹೊತ್ತಿನ ರಜೆ.

ಆ ಖಾನಾವಳಿಯ ಗೋಡೆಯ ಮೇಲೆ ಹಣ ಕಳಿಸುವ ಚೌಕುಳಿ ಚೀಟಿಯನ್ನು ಕಿತ್ತ ಗುರುತಿತ್ತು. ಕೇಳಿದೆ. "ಅದರ ಸಲುವಾಗಿ ನೋಟೀಸ್ ಬರತಾವಂತ, ನಮಗ್ಯಾಕ್ರಿ" ಎಂದರು ಸೊಸೆ. ಅವರ ಅಂಜಿಕೆ ಸುಮ್ಮನೆ ಹುಟ್ಟಿದ್ದಲ್ಲ. 2025ರ ಜುಲೈಯಲ್ಲಿ, ಫೋನಿನ ಮೂಲಕ ಬಂದ ಹಣದ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟೀಸು ಹೋದಾಗ, ನಮ್ಮ ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೇ 29 ಲಕ್ಷ ರೂಪಾಯಿಯ ನೋಟೀಸು ಬಂದಿತ್ತು. ತಾಜಾ ತರಕಾರಿಗೆ ಆ ತೆರಿಗೆಯೇ ಇಲ್ಲ! ವ್ಯಾಪಾರಿಗಳು ಕೂಗೆಬ್ಬಿಸಿದ ಮೇಲೆ, ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂದು ಮುಖ್ಯಮಂತ್ರಿಗಳು ಹೇಳಬೇಕಾಯಿತು. ನೋಟೀಸು ನಿಂತಿರಬಹುದು, ಭಯ ನಿಂತಿಲ್ಲ. ಆದ್ದರಿಂದ ಹೋಟೆಲುಗಳ ವಿಷಯದಲ್ಲಿ ನಾನು ಬರೆಯುತ್ತಿರುವುದು ಹೋಟೆಲಿಗರ ಮೇಲಿನ ದ್ವೇಷದಿಂದಲ್ಲವೆಂದು ನಮ್ಮ ವ್ಯಾಪಾರಿ ಬಂಧುಗಳು ತಿಳಿಯಬೇಕು. ಐದು ಮೇಜಿನ ಖಾನಾವಳಿಯವಳು ಬಂಡವಾಳಶಾಹಿಯಲ್ಲ. ಸಿಲಿಂಡರು, ಎಣ್ಣೆ, ಬೇಳೆ ಇವುಗಳ ಬೆಲೆ ಏರಿದಾಗಲೆಲ್ಲ ರೊಟ್ಟಿಯನ್ನು ತೆಳ್ಳಗೆ ಮಾಡಬೇಕೋ, ಹಲಗೆಯ ದರ ಅಳಿಸಿ ಬರೆಯಬೇಕೋ ಎಂದು ರಾತ್ರಿ ಕುಳಿತು ಯೋಚಿಸುವವಳು ಆಕೆ.

ಇನ್ನು ಬ್ಯಾಡಗಿ. ಗುರುವಾರ ಹೋದೆವು, ಮೆಣಸಿನಕಾಯಿ ಪೇಟೆಯ ದಿನ. ಊರಿಗೆ ಊರೇ ಕೆಂಪಾಗಿರುತ್ತದೆ. ಬಸ್ಸಿನಿಂದ ಇಳಿದವನು ಮೊದಲು ಸೀನುತ್ತಾನೆ, ಆಮೇಲೆ ನಮಸ್ಕಾರ ಹೇಳುತ್ತಾನೆ. ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೆಸರಾದ ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಅದರ ಬಣ್ಣದ ಎಣ್ಣೆ ತುಟಿಗೆ ಬಳಿಯುವ ರಂಗಿನವರೆಗೂ ಹೋಗುತ್ತದೆಂದು ಹೇಳುತ್ತಾರೆ. ಹೋಗಲಿ. ಆ ಕಾಯಿಯ ತೊಟ್ಟು ಮುರಿಯುವವರು ಯಾರು? ಗೋದಾಮುಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ರಾಶಿಯ ಮುಂದೆ ಕೂರುವ ಹೆಣ್ಣುಮಕ್ಕಳು.

ಮಧ್ಯಾಹ್ನ ಹೊರಗಿನ ಚಹಾದಂಗಡಿಯಲ್ಲಿ ಹಮಾಲರು, ದಲಾಲರು, ಲಾರಿಯವರು ಗಿರಮಿಟ್ಟು-ಮಿರ್ಚಿ ತಿನ್ನುತ್ತಿದ್ದರು. ಒಬ್ಬ ಹೆಂಗಸೂ ಇಲ್ಲ. ಗೋದಾಮಿನ ಗೋಡೆಯ ನೆರಳಿನಲ್ಲಿ ಅವರು ಬಟ್ಟೆಯ ಗಂಟು ಬಿಚ್ಚುತ್ತಿದ್ದರು. ನಮ್ಮಾಕೆ ಅವರ ನಡುವೆ ಹೋಗಿ ಕುಳಿತು, ಚಹಾ ಕುಡಿಯೋಣ ಬರ್ರಿ ಎಂದು ಒಬ್ಬ ಹಿರಿಯಾಕೆಯನ್ನು ಕರೆದಳು. "ಒಳಗ ಬ್ಯಾಡವಾ. ನಮ್ಮ ಸೀರಿ ಝಾಡಿಸಿದರ ಕುಂತಾವರೆಲ್ಲ ಕೆಮ್ಮತಾರ. ಇಲ್ಲೇ ತರಸು, ಕುಡಿಯೂಣು" ಎಂದಳಾಕೆ. ಹೋಟೆಲಿನಲ್ಲಿ ಉಣ್ಣಬೇಕೆಂದು ಎಂದೂ ಅನಿಸಿಲ್ಲವೇ ಎಂದು ಕೇಳಿದ್ದಕ್ಕೆ, "ಹೋಟೆಲ್ ಇರ್ಲಿ, ಉಣ್ಣೂಕಿಂತ ಮೊದಲ ಕೈ ತೊಳಿಯಾಕ ಬಿಸಿನೀರು ಸಾಬಾನು ಕೊಟ್ಟರ ಸಾಕು. ಬಾಯಿಗೆ ಇಟ್ಟ ತುತ್ತೆಲ್ಲ ಉರೀತೈತಿ. ಮನಿಗೆ ಹೋದ ಮ್ಯಾಲೂ ಕೂಸಿನ ಮಾರಿ ಮುಟ್ಟಾಂಗಿಲ್ಲ" ಎಂದಳು.

ಚಹಾ ಬಂತು, ಕಾಗದದ ಕಪ್ಪಿನಲ್ಲಿ. ಬೆಂಚಿನ ಮೇಲೆ ಕುಳಿತವರಿಗೆ ಗಾಜಿನ ಲೋಟ ಕೊಡುತ್ತಿದ್ದರು. ಇದರಲ್ಲಿ ಹೊರಗೆ ಒಯ್ಯುವ ಅನುಕೂಲವೆಷ್ಟು, ಬೇರೆಯದೆಷ್ಟು ಎಂದು ಆ ಅಂಗಡಿಯವನ ಮನಸ್ಸನ್ನು ನಾನು ಬಗೆದು ನೋಡಲಾರೆ. ಆದರೆ ಹಳ್ಳಿಯ ಚಹಾದಂಗಡಿಗಳಲ್ಲಿ ಎರಡು ಬಗೆಯ ಲೋಟ ಇಡುತ್ತಿದ್ದ ಪದ್ಧತಿಯನ್ನು ಕಂಡವರಿಗೆ ಗೊತ್ತು: ಕಾಗದದ ಕಪ್ಪು ಬಂದ ಮೇಲೆ ಆ ಲೆಕ್ಕ ಮುಚ್ಚಿಹೋಯಿತೇ ಹೊರತು ಎಲ್ಲ ಕಡೆಯೂ ಚುಕ್ತಾ ಆಗಲಿಲ್ಲ. ಸಂವಿಧಾನದ 15ನೆಯ ವಿಧಿ ಹೋಟೆಲಿನ ಬಾಗಿಲಿನ ಹೆಸರು ಹಿಡಿದೇ ಮಾತಾಡುತ್ತದೆ: ಜಾತಿಯಿಂದಾಗಲಿ, ಹೆಣ್ಣೆಂಬ ಕಾರಣದಿಂದಾಗಲಿ ಯಾರನ್ನೂ ತಡೆಯಕೂಡದು. 1955ರ ಅಸ್ಪೃಶ್ಯತಾ ಕಾಯಿದೆ ತಡೆದವರಿಗೆ ಶಿಕ್ಷೆಯನ್ನೂ ಹೇಳಿತು. ಆದರೆ ಯಾರೂ ತಡೆಯದೆಯೇ, ತಾನಾಗಿಯೇ "ಒಳಗ ಬ್ಯಾಡವಾ" ಎನ್ನುವ ಮುದುಕಿಗೆ ಯಾವ ಕಾಯಿದೆಯನ್ನು ಓದಿ ಹೇಳೋಣ?

ಡಾ. ಲೋಹಿಯಾ 1964ರ ಮೇ ತಿಂಗಳಲ್ಲಿ ಅಮೆರಿಕದ ಮಿಸ್ಸಿಸ್ಸಿಪ್ಪಿ ರಾಜ್ಯದ ಜಾಕ್ಸನ್ ಪಟ್ಟಣದಲ್ಲಿದ್ದರು. ಬಿಳಿಯರಿಗಷ್ಟೇ ಎಂದು ಮೀಸಲಾದ ಒಂದು ಉಪಾಹಾರ ಗೃಹದವರು ಅವರನ್ನು ಬಾಗಿಲಲ್ಲೇ ತಡೆದರು. ಅವರು ಸುಮ್ಮನೆ ಬೇರೆ ಕಡೆ ಊಟ ಮಾಡಿ ಊರು ಬಿಡಬಹುದಿತ್ತು. ಬಿಡದೆ ಮರುದಿನ ಮುಂಚಿತವಾಗಿ ತಿಳಿಸಿ, ಧೋತರ ಉಟ್ಟುಕೊಂಡು ಅಲ್ಲಿಗೇ ಹೋದರು, ಪೊಲೀಸರು ಹಿಡಿದರು. ಅಮೆರಿಕದ ಸರ್ಕಾರ ಕ್ಷಮೆ ಕೇಳಿತು. ಪರದೇಶದಲ್ಲಿ ಒಂದು ತಟ್ಟೆ ಊಟಕ್ಕಾಗಿ ಸೆರೆಗೆ ಹೋದ ಈ ಮನುಷ್ಯನೇ ಅದರ ಹಿಂದಿನ ವರ್ಷ, 1963ರಲ್ಲಿ, ಲೋಕಸಭೆಯಲ್ಲಿ ನಿಂತು ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆಂದು ಸರ್ಕಾರವನ್ನು ತಬ್ಬಿಬ್ಬು ಮಾಡಿದ್ದವರು. ಬಾಗಿಲೊಳಗೆ ಹೋಗುವ ಹಕ್ಕು, ಹೋದ ಮೇಲೆ ಕೊಳ್ಳುವ ಶಕ್ತಿ, ಎರಡನ್ನೂ ಅವರು ಒಟ್ಟಿಗೆ ಹಿಡಿದರು. ನಾವು ಒಂದನ್ನು ಹಿಡಿದರೆ ಇನ್ನೊಂದನ್ನು ಬಿಡುತ್ತೇವೆ.

ಅಗ್ಗದ ಊಟವನ್ನು ಸರ್ಕಾರವೇ ಹಾಕಲಿ ಎಂಬುದು ಒಂದು ದಾರಿ. 2017ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನು ಶುರುವಾದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ. ಒಳ್ಳೆಯ ಕೆಲಸವೇ, ನಾನೂ ಉಂಡಿದ್ದೇನೆ. ಆದರೆ ಮೇಲಿನಿಂದ ಬಂದದ್ದು ಮೇಲಿನವರ ಮರ್ಜಿಯ ಮೇಲೆ ನಿಂತಿರುತ್ತದೆ. ಮಹಾರಾಷ್ಟ್ರದಲ್ಲಿ 1995ರಲ್ಲಿ ಒಂದು ರೂಪಾಯಿಗೆ ಝುಣಕಾ-ಭಾಕರಿ ಎಂದು ದೊಡ್ಡ ಸದ್ದಾಯಿತು. ಕೆಲವೇ ವರ್ಷಗಳಲ್ಲಿ ಯೋಜನೆ ಬಿದ್ದುಹೋಯಿತು.

ಇನ್ನೊಂದು ದಾರಿ ದುಡಿಯುವವರೇ ಮಾಡಿಕೊಂಡದ್ದು. 1957ರಲ್ಲಿ ಕಾಫಿ ಮಂಡಳಿ ತನ್ನ ಕಾಫಿ ಹೌಸುಗಳನ್ನು ಮುಚ್ಚಿ ನೌಕರರನ್ನು ಬೀದಿಗೆ ತಳ್ಳಲು ಹೊರಟಾಗ, ಎ. ಕೆ. ಗೋಪಾಲನ್ ಅವರ ಮುಂದಾಳುತನದಲ್ಲಿ ಆ ಮಾಣಿಗಳೂ ಅಡಿಗೆಯವರೂ ಸಹಕಾರಿ ಸಂಘ ಕಟ್ಟಿಕೊಂಡರು. ಮೊದಲನೆಯದು ನಮ್ಮ ಬೆಂಗಳೂರಿನಲ್ಲಿಯೇ. ಬಡಿಸುವವನೇ ಮಾಲಕನಾದ! ಮುಂಬಯಿಯ ಗಿರಣಿಗಾರರಿಗೆ ಅನ್ನ ಹಾಕುತ್ತಿದ್ದ ಖಾನಾವಳಿಯ ಹೆಂಗಸರನ್ನು ಪ್ರೇಮಾ ಪುರವ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳವಾಗಿ ಕೂಡಿಸಿ, ಬಡ್ಡಿ ಸಾಹುಕಾರನ ಕೈಯಿಂದ ಬಿಡಿಸಿ ಬ್ಯಾಂಕಿನ ಸಾಲ ಕೊಡಿಸಿದರು. ಮುಷ್ಕರದ ದಿನಗಳಲ್ಲಿ ಗಿರಣಿಗಾರರಿಗೆ ಉದ್ರಿ ಅನ್ನ ಹಾಕಿದವರು ಈ ಹೆಂಗಸರೇ.

ನಮ್ಮ ಬ್ಯಾಡಗಿಯಲ್ಲೂ ಇದು ಯಾಕಾಗಬಾರದು? ಪೇಟೆಗೆ ಬರುವ ಮಾಲಿನ ಮೇಲೆ ಮಾರುಕಟ್ಟೆ ಶುಲ್ಕ ವಸೂಲಾಗುತ್ತದೆ. ಅದರಲ್ಲಿ ಒಂದು ಪಾಲಿನಿಂದ ಪೇಟೆಯ ಆವರಣದಲ್ಲಿ ಒಂದು ಹಾಲು ಕಟ್ಟಲಿ: ಉದ್ದನೆಯ ಬೆಂಚು, ಸಾಲಾಗಿ ನಲ್ಲಿ, ಬಿಸಿನೀರು, ಸಾಬಾನು. ತೊಟ್ಟು ಮುರಿಯುವ ಹೆಣ್ಣುಮಕ್ಕಳಲ್ಲಿಯೇ ಅಡಿಗೆ ಬಲ್ಲವರು ಸಂಘ ಮಾಡಿಕೊಂಡು ರೊಟ್ಟಿಯೂಟ ನಡೆಸಲಿ. ಹಮಾಲನೂ ಅಲ್ಲೇ, ದೂರದಿಂದ ಚೀಲ ತಂದ ರೈತನೂ ಅಲ್ಲೇ, ದಲಾಲನಿಗೆ ಮನಸ್ಸಿದ್ದರೆ ಅವನೂ ಅಲ್ಲೇ. ಪರದೆ ಬೇಡ. ಗೋಡೆಯ ಮೇಲೆ ಜಾತಿಯ ಹೆಸರೂ ಬೇಡ. "ಖಾನಾವಳಿ" ಎಂದರೆ ಸಾಕು.

ಇದನ್ನು ಮನವಿಯಾಗಿ ಬರೆದು ಸಹಿ ಕೂಡಿಸಲು ನಿಶ್ಚಯಿಸಿದ್ದೇವೆ. ಕರಡನ್ನು ನಾನು ಬರೆದಿದ್ದೆ, ಎರಡು ಪುಟ. ನಮ್ಮಾಕೆ ಅದನ್ನು ಓದಿ, ಲೋಹಿಯಾರವರ ಸಂಗತಿಯನ್ನು ಹೊಡೆದುಹಾಕಿ, ಬಿಸಿನೀರು ಮತ್ತು ಸಾಬಾನಿನ ಸಾಲನ್ನು ಕೊನೆಯಿಂದ ಎತ್ತಿ ಎಲ್ಲಕ್ಕೂ ಮೇಲೆ ಇಟ್ಟಿದ್ದಾಳೆ. ಬರುವ ಗುರುವಾರ ಅದೇ ಗೋದಾಮಿನ ಗೋಡೆಯ ನೆರಳಿನಲ್ಲಿ ಕುಳಿತಿರುತ್ತೇವೆ. ಸಹಿ ಬಾರದವರು ಹೆಬ್ಬೆಟ್ಟು ಒತ್ತಬಹುದು. ಕೈಗೆ ಖಾರ ಹತ್ತಿದ್ದರೂ ಚಿಂತೆಯಿಲ್ಲ, ಕಾಗದಕ್ಕೆ ಉರಿಯುವುದಿಲ್ಲ.