ಸೆರೆಯ ಕಥೆಗೂ ಮೊದಲು ಜಮೀನಿನ ಕಥೆ

ಮಕ್ಕಳನ್ನು ಹೊತ್ತೊಯ್ಯುವ ಸಿನಿಮಾ ನೋಡುವಾಗ ಎಲ್ಲರ ಕರುಳೂ ಚುರ್ ಎನ್ನುತ್ತದೆ. ಎನ್ನಲೇಬೇಕು. ಆದರೆ ಕಣ್ಣೀರು ಒರೆಸಿಕೊಂಡ ಮೇಲೆ ಒಂದು ಪ್ರಶ್ನೆಯನ್ನೂ ಕೇಳಬೇಕು ಎಂಬುದು ನಮ್ಮ ವಾದ.

2013ರ 'ಅಲೋನ್ ಯೆಟ್ ನಾಟ್ ಅಲೋನ್' ಎಂಬ ಇಂಗ್ಲಿಷ್ ಸಿನಿಮಾ ನೋಡಿದವರು ಕಡಿಮೆ. ಅದರ ಹಾಡಿಗೆ ಸಿಕ್ಕಿದ್ದ ಆಸ್ಕರ್ ನಾಮನಿರ್ದೇಶನವನ್ನು 2014ರ ಜನವರಿಯಲ್ಲಿ ರದ್ದು ಮಾಡಿದಾಗಲೇ ಅದರ ಹೆಸರು ಸುದ್ದಿಯಾಗಿದ್ದು. ಹಾಡಿನ ಸಂಗೀತಗಾರರು ಮತ ಹಾಕುವವರಿಗೆ ಇಮೇಲ್ ಕಳಿಸಿದ್ದರು ಎಂಬುದು ಕಾರಣ.

ಕಥೆಯ ಮೂಲ ನಿಜ ಘಟನೆ. 1755ರ ಅಕ್ಟೋಬರ್ 16ರಂದು ಅಮೆರಿಕದ ಪೆನ್ಸಿಲ್ವೇನಿಯಾದ ಪೆನ್ಸ್ ಕ್ರೀಕ್‌ನಲ್ಲಿ, ಜರ್ಮನಿ ಕಡೆಯಿಂದ ಬಂದು ನೆಲೆಸಿದ್ದ ರೈತರ ಮೇಲೆ ಲೆನಾಪೆ ಮೂಲನಿವಾಸಿಗಳು ದಾಳಿ ಮಾಡಿದರು. ಲೈನಿಂಗರ್ ಮನೆಯ ತಂದೆ, ಮಗ ಸತ್ತರು. ಬಾರ್ಬರಾ, ರೆಜಿನಾ ಎಂಬ ಅಕ್ಕತಂಗಿಯರು ಸೆರೆಯಾದರು. ಬಾರ್ಬರಾ 1759ರಲ್ಲಿ ಗೆಳತಿಯ ಜೊತೆ ತಪ್ಪಿಸಿಕೊಂಡು ಕಾಡು, ಹೊಳೆ ದಾಟಿ ಬಂದಳು. ಅವಳ ಧೈರ್ಯ ದೊಡ್ಡದು. ಸತ್ತವರ ನೋವೂ ಸುಳ್ಳಲ್ಲ.

ಪ್ರಶ್ನೆ ಇಷ್ಟೇ: ಆ ದಾಳಿಗೆ ಮೊದಲು ಏನಾಗಿತ್ತು?

1737ರಲ್ಲಿ ಪೆನ್ ಮನೆತನದವರು ಹಳೆಯ ಪತ್ರವೊಂದನ್ನು ತೋರಿಸಿ, 'ಒಬ್ಬ ಮನುಷ್ಯ ಒಂದೂವರೆ ದಿನದಲ್ಲಿ ನಡೆಯುವಷ್ಟು ಜಾಗ ನಮ್ಮದು' ಎಂದರು. ಲೆನಾಪೆಗಳು ಸಾಮಾನ್ಯ ನಡಿಗೆ ಎಂದುಕೊಂಡಿದ್ದರು. ಇವರು ಮೊದಲೇ ದಾರಿ ಸವರಿಸಿ, ಜೋರಾಗಿ ಹೆಜ್ಜೆ ಹಾಕುವ ಮೂವರನ್ನು ಕೂಲಿಗೆ ಹಿಡಿದರು. ಲಕ್ಷಗಟ್ಟಲೆ ಎಕರೆ ಕೈತಪ್ಪಿತು. 1754ರಲ್ಲಿ ಪೆನ್ಸ್ ಕ್ರೀಕ್ ಇರುವ ಸೀಮೆಯನ್ನು ಇರೊಕ್ವಾ ಎಂಬ ಬೇರೆ ಮೂಲನಿವಾಸಿಗಳ ಒಕ್ಕೂಟದಿಂದ ಬರೆಸಿಕೊಂಡರು. ಅಲ್ಲಿ ಬಾಳುತ್ತಿದ್ದ ಲೆನಾಪೆಗಳ ಒಪ್ಪಿಗೆ ಕೇಳಲಿಲ್ಲ. ಮರುವರ್ಷವೇ ದಾಳಿ. ಆಗ ಇಂಗ್ಲಿಷರ ವಿರುದ್ಧ ಫ್ರೆಂಚರ ಬೆಂಬಲವೂ ಅವರಿಗಿತ್ತು.

ಬದುವಿನ ಜಗಳ, ಪಹಣಿಯಲ್ಲಿ ಹೆಸರು ಬದಲಾದ ಸಂಕಟ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಗಂತ ಕೊಲೆಗೆ ಇದು ಸಮರ್ಥನೆಯಲ್ಲ. ಜಮೀನಿನ ಪತ್ರ ಬರೆಸಿಕೊಂಡವರು ಬೇರೆ, ಮಚ್ಚಿನೇಟು ತಿಂದ ಬಡ ವಲಸಿಗರು ಬೇರೆ.

ಇನ್ನೊಂದು ವಿಷಯ. 1764ರಲ್ಲಿ ಕರ್ನಲ್ ಬುಕೆ ಸೇನೆ ತೆಗೆದುಕೊಂಡು ಹೋಗಿ 200ಕ್ಕೂ ಹೆಚ್ಚು ಸೆರೆಯಾಳುಗಳನ್ನು ಬಿಡಿಸಿ ತಂದ. ಅವರಲ್ಲಿ ಕೆಲವರು ಬರಲು ಒಪ್ಪದೆ, ಕಟ್ಟಿ ತರಬೇಕಾಯಿತು. ಸತ್ತ ಮಕ್ಕಳ ಜಾಗದಲ್ಲಿ ಸೆರೆಯಾಳುಗಳನ್ನು ದತ್ತು ಮಾಡಿಕೊಳ್ಳುವುದು ಲೆನಾಪೆಗಳ ಪದ್ಧತಿ. ಚಿಕ್ಕಂದಿನಲ್ಲೇ ಹೋದವರಿಗೆ ಅದೇ ತಾಯಿಮನೆಯಾಗಿತ್ತು.

ಇಂಥ ಸಿನಿಮಾವನ್ನು ಮಕ್ಕಳಿಗೆ ತೋರಿಸಬೇಡಿ ಎಂದು ನಾವು ಹೇಳುವುದಿಲ್ಲ. ತೋರಿಸಿ. ಮುಗಿದ ಮೇಲೆ 'ಆ ಜಮೀನು ಮೊದಲು ಯಾರದಾಗಿತ್ತು?' ಎಂದು ಅವರನ್ನೇ ಕೇಳಿ.